ಕಾರಂಜಿಗೆ ಹೊರಟ ಹುಡುಗಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮ ಕಾಲೇಜಿನ ಎನ್ನೆಸ್ಸೆಸ್ ತಂಡವನ್ನು ಈ ಸಲ ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಗೆ ಸ್ವಯಂಸೇವಕರಾಗಿ ಹಾಕಿದ್ದಾರಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷವಾಯಿತು. ಎದೆಗೊಂದು ಬ್ಯಾಡ್ಜು, ಕೈಗೊಂದು ಸ್ಪರ್ಧಿಗಳ ಪಟ್ಟಿ ಸಿಕ್ಕ ಕೂಡಲೇ ಎಂಥವರಿಗೂ ದನಿ ಏರುತ್ತದೆ, ಅದೊಂದನ್ನು ಹಿಡಿತದಲ್ಲಿಟ್ಟುಕೊ. ನೋಂದಣಿ, ಊಟದ ಕೂಪನ್ನು, ತೀರ್ಪುಗಾರರಿಗೆ ಚಹಾ, ಇವನ್ನೆಲ್ಲ ಇಲಾಖೆಯವರು ನಿಮಗೆ ಹೇಳಿಕೊಡುತ್ತಾರೆ. ಅವರು ಹೇಳಲು ಮರೆಯುವ ಸಂಗತಿ ಒಂದಿದೆ. ನಿವೃತ್ತಿಯಾಗುವ ತನಕ ಮಕ್ಕಳನ್ನು ಕರೆದುಕೊಂಡು ಹೋಗಿ, ಆಮೇಲೆ ತೀರ್ಪುಗಾರಳಾಗಿಯೂ ಕೂತು ನೋಡಿದವಳು ನಾನು, ಅದನ್ನು ನಾನೇ ಹೇಳುತ್ತೇನೆ. ವಾಟ್ಸ್ಯಾಪಿನಲ್ಲಿ ಹಾಕಿದರೆ ಹೆಬ್ಬೆರಳೆತ್ತಿ ಮುಂದೆ ಹೋಗಿಬಿಡುತ್ತೀ, ಅದಕ್ಕೇ ಈ ಕಾಗದ. ನಿನ್ನ ಓರಗೆಯವರೂ ಓದಲಿ ಅಂತ ಪತ್ರಿಕೆಗೂ ಕೊಡುತ್ತಿದ್ದೇನೆ, ಮುನಿಸಿಕೊಳ್ಳಬೇಡ.

ಕಾರಂಜಿಯ ದಿನ ಹೇಗಿರುತ್ತದೆ ಅಂತ ನಿನಗೆ ಗೊತ್ತು. ಛದ್ಮವೇಷಕ್ಕೆ ಒನಕೆ ಓಬವ್ವ ಆಗಿ ಹೊರಟು, ಒನಕೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದವಳಲ್ಲವೇ ನೀನು? ಒಂದೇ ಶಾಲೆಯ ಆವರಣದಲ್ಲಿ ಇಡೀ ತಾಲ್ಲೂಕಿನ ಮಕ್ಕಳು. ಒಂದು ಕೊಠಡಿಯಲ್ಲಿ ಕಂಠಪಾಠ, ಪಕ್ಕದ್ದರಲ್ಲಿ ಕವ್ವಾಲಿ, ಅಂಗಳದಲ್ಲಿ ಡೊಳ್ಳು, ಜಗಲಿಯುದ್ದಕ್ಕೂ ಬಣ್ಣ ಬಳಿಸಿಕೊಳ್ಳುತ್ತ ಕೂತ ಕೃಷ್ಣರು, ಕಿತ್ತೂರು ಚೆನ್ನಮ್ಮರು. ಮೈಕಿನಲ್ಲಿ ಯಾರ ಹೆಸರು ಕರೆದರೋ ಯಾರಿಗೂ ತಿಳಿಯುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಕಣ್ಣು ಕಾಣದ, ಕಿವಿ ಕೇಳದ, ಗಾಲಿಕುರ್ಚಿಯಲ್ಲಿ ಬಂದ, ಮಾತು ತೊದಲುವ ಮಕ್ಕಳೂ ಇರುತ್ತಾರೆ. 2011ರ ಜನಗಣತಿಯ ಲೆಕ್ಕದಲ್ಲೇ ನಮ್ಮ ರಾಜ್ಯದಲ್ಲಿ ಅಂಗವೈಕಲ್ಯ ಇರುವವರು 13 ಲಕ್ಷಕ್ಕೂ ಹೆಚ್ಚು. ಆಗ ಜಾರಿಯಲ್ಲಿದ್ದ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆಯಲ್ಲಿ ಅವು 21 ಆದವು, ಅದರಲ್ಲಿ ಮೇಲ್ನೋಟಕ್ಕೆ ಕಾಣದವೂ ಹಲವು. ಆದ್ದರಿಂದ 'ನಮ್ಮ ಕಡೆ ಅಂಥ ಮಕ್ಕಳು ಯಾರೂ ಇಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡ. ಇದ್ದಾರೆ, ಕಾರಂಜಿಗೆ ಕರೆತಂದಿಲ್ಲ ಅಷ್ಟೆ.

ಬಂದ ಮಕ್ಕಳ ವಿಷಯದಲ್ಲಿ ನೀನು ನೆನಪಿಡಬೇಕಾದ್ದು ಒಂದೇ. ಅವರು ಸ್ಪರ್ಧಿಸಲು ಬಂದಿದ್ದಾರೆ, ನಮ್ಮ ಕಣ್ಣೊರೆಸುವ ಅವಕಾಶವನ್ನು ನಮಗೆ ಒದಗಿಸಲು ಬಂದಿಲ್ಲ.

ಇದು ಕೆಡುವುದು ಮೊದಲು ಮೈಕಿನಲ್ಲಿ. ಹದಿಮೂರನೆಯ ಮಗು ಬಂದಾಗ ನಿರೂಪಕರು 'ಸ್ಪರ್ಧಿ ಸಂಖ್ಯೆ 13' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹದಿನಾಲ್ಕನೆಯವನಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದ ಕೂಡಲೇ ದನಿ ಗದ್ಗದವಾಗುತ್ತದೆ. 'ಹುಟ್ಟಿನಿಂದ ಬೆಳಕನ್ನೇ ಕಾಣದ ಈ ಕಂದ ಈಗ ನಮ್ಮ ಮುಂದೆ ಹಾಡಲಿದ್ದಾನೆ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ.' ಆ ಹುಡುಗ ಇನ್ನೂ ಬಾಯಿ ತೆರೆದಿಲ್ಲ. ಶ್ರುತಿಪೆಟ್ಟಿಗೆಗೆ ಕಿವಿಗೊಟ್ಟು ನಿಂತಿದ್ದಾನೆ, ನಮ್ಮ ಚಪ್ಪಾಳೆ ಆ ಶ್ರುತಿಯನ್ನೇ ಮುಚ್ಚಿಹಾಕಿದೆ. ಸಭೆಯಲ್ಲಿ ಹಿಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಾರೆ, ನಾಲ್ಕೈದು ಮೊಬೈಲುಗಳು ಮೇಲೇಳುತ್ತವೆ. ಅವನು ಆರಿಸಿಕೊಂಡ ಭಾವಗೀತೆ ಯಾವುದು, ಎರಡನೇ ಚರಣದಲ್ಲಿ ಏನು ಮಾಡಿದ, ಮನೆಗೆ ಹೋಗುವಾಗ ಒಬ್ಬರಿಗೂ ನೆನಪಿರುವುದಿಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳಿದ್ದೀಯಲ್ಲ? ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ಅದರಿಂದಲೇ ಬದುಕು ಕಟ್ಟಿಕೊಂಡರು. 'ಪಾಪ, ಕಾಣಿಸುವುದಿಲ್ಲ, ಸ್ವರ ತಪ್ಪಿದರೂ ಸರಿ' ಅಂತ ಅಲ್ಲಿ ಬಿಟ್ಟಿದ್ದರೆ ಆಗುತ್ತಿತ್ತೇ? 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಗಿರೀಶ 1.74 ಮೀಟರ್ ಜಿಗಿದು ಬೆಳ್ಳಿ ತಂದ. ಅಲ್ಲಿಯೂ ಅಡ್ಡಕೋಲನ್ನು ಯಾರೂ ಕನಿಕರದಿಂದ ಒಂದಂಗುಲ ಕೆಳಗಿಳಿಸಿರಲಿಲ್ಲ.

ಈ ಮಾತನ್ನು ತೀರ್ಪುಗಾರರ ಕಿವಿಗೂ ಹಾಕಬೇಕು. ಸಮಾಧಾನಕರ ಬಹುಮಾನವನ್ನು ಕೈಕಾಲು ನೋಡಿ ಕೊಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಚೆನ್ನಾಗಿ ಹಾಡಿದವನಿಗೆ ಮೊದಲನೆಯದನ್ನು ಕೊಡಲು ಮನಸ್ಸಾಗುವುದಿಲ್ಲ, ಸುಮಾರಾಗಿ ಹಾಡಿದವನನ್ನು ಬರಿಗೈಲಿ ಕಳಿಸಲು ಎದೆ ಬರುವುದಿಲ್ಲ, ಇಬ್ಬರಿಗೂ ಒಂದೊಂದು ಸ್ಟೀಲ್ ಡಬ್ಬ. ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡ. ಯಾವ ಬಹುಮಾನ ಹಾಡಿಗೆ ಬಂದದ್ದು, ಯಾವುದು ಕಣ್ಣಿಗೆ ಬಂದದ್ದು ಅಂತ ಅವರಿಗೆ ಕೈಗಿತ್ತ ಕ್ಷಣವೇ ಗೊತ್ತಾಗುತ್ತದೆ.

ಹಾಗಂತ ಎಲ್ಲರಿಗೂ ಒಂದೇ ನಿಯಮ ಅಂತ ಕೈಕಟ್ಟಿ ನಿಲ್ಲುವುದೂ ನ್ಯಾಯವಲ್ಲ. ಆಶುಭಾಷಣದ ಚೀಟಿ ಎತ್ತಿದ ಹುಡುಗಿಗೆ ಓದಲು ಕಾಣದಿದ್ದರೆ ಅವಳ ಕಿವಿಗಷ್ಟೇ ಕೇಳುವಂತೆ ಓದಿ ಹೇಳಬೇಕು, ಯೋಚಿಸಲು ಕೊಡುವ ಸಮಯವನ್ನು ಆಮೇಲೆ ಎಣಿಸಬೇಕು. ಚಿತ್ರಕಲೆಯ ಕೊಠಡಿ ಇದಕ್ಕಿಂತ ನಾಜೂಕು. ಅಲ್ಲಿ ಸಮಯವನ್ನು ಬಾಯಲ್ಲೇ ಹೇಳುತ್ತಾರೆ, 'ಇನ್ನು ಐದೇ ನಿಮಿಷ ಮಕ್ಕಳೇ' ಅಂತ. ಮೂಲೆಯಲ್ಲಿ ಕೂತ ಕಿವುಡ ಹುಡುಗ ತಲೆ ತಗ್ಗಿಸಿ ಮರದ ಎಲೆಗಳನ್ನು ಒಂದೊಂದಾಗಿ ತುಂಬುತ್ತಿರುತ್ತಾನೆ, ಆಕಾಶ ಇನ್ನೂ ಬಿಳಿ ಹಾಳೆ. ಗಂಟೆ ಬಾರಿಸಿ ಹಾಳೆ ಎಳೆದುಕೊಂಡಾಗಲೇ ಅವನಿಗೆ ಸಮಯ ಮುಗಿದದ್ದು ತಿಳಿಯುವುದು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಶುರುವಾದದ್ದು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ ಅಂತ ಬರೆದಿದ್ದರೆ ಸಾಕಿತ್ತು. ಐದು ನಿಮಿಷ ಉಳಿದಾಗ ಅವನ ಎದುರಿಗೆ ಬಂದು ಕೈಬೆರಳು ತೋರಿಸು. ಹಿಂದಿನಿಂದ ಭುಜ ಅಲುಗಿಸಬೇಡ, ಬೆಚ್ಚಿಬೀಳುತ್ತಾನೆ. ಮಾತಾಡುವುದಿದ್ದರೆ ಮುಖಕ್ಕೆ ಮುಖ ಕೊಟ್ಟು, ಎಂದಿನ ದನಿಯಲ್ಲೇ ಆಡು. ಕಿರುಚಿದರೆ ತುಟಿಯ ಆಕಾರ ಕೆಡುತ್ತದೆ, ಓದಿಕೊಳ್ಳಲು ಅವನಿಗೆ ಇನ್ನೂ ಕಷ್ಟ. ಸಂಜ್ಞೆಯಲ್ಲಿ ಹೇಳಿಕೊಡಲು ಶಿಕ್ಷಕಿ ಜೊತೆಗಿದ್ದರೂ ನೀನು ನೋಡಬೇಕಾದ್ದು ಹುಡುಗನನ್ನೇ. ಅವನು ಗೆದ್ದಾಗ ಎರಡೂ ಕೈ ಮೇಲೆತ್ತಿ ಅಂಗೈಗಳನ್ನು ತಿರುಗಿಸಿ ಅಲ್ಲಾಡಿಸಿ, ಕಿವುಡರ ಚಪ್ಪಾಳೆ ಅದು. ಇಡೀ ಸಭೆಗೆ ಒಂದೇ ನಿಮಿಷದಲ್ಲಿ ಹೇಳಿಕೊಡಬಹುದು.

ಇನ್ನು ಕಣ್ಣು ಕಾಣದವರಿಗೆ ದಾರಿ ತೋರಿಸುವ ವಿಚಾರ. ನಮ್ಮ ಜನರಿಗೆ ಸಹಾಯದ ಹುರುಪು ಬಂದರೆ ತಡೆಯಲಾಗುವುದಿಲ್ಲ, ರಟ್ಟೆ ಹಿಡಿದು ಎಳೆದುಕೊಂಡೇ ಹೋಗುತ್ತಾರೆ, ಕೆಲವರು ಹಿಂದಿನಿಂದ ತಳ್ಳುತ್ತಾರೆ. ಆ ಮಗು ಹೊರಟಿದ್ದದ್ದು ನೀರು ಕುಡಿಯಲು, ಇವರು ತಂದು ನಿಲ್ಲಿಸಿದ್ದು ವೇದಿಕೆಯ ಪಕ್ಕ. ಮೊದಲು ನಿನ್ನ ಹೆಸರು ಹೇಳು, ಸಹಾಯ ಬೇಕಾ ಅಂತ ಕೇಳು, ಉತ್ತರ ಬರುವವರೆಗೆ ಕಾಯಿ. ಬೇಡ ಎಂದರೆ ಬೇಡ, ಅದಕ್ಕೆ ಮುಖ ಸಣ್ಣ ಮಾಡಿಕೊಳ್ಳಬೇಡ. ಬೇಕು ಎಂದರೆ ನಿನ್ನ ಮೊಣಕೈ ಕೊಡು, ಅವರೇ ಹಿಡಿದುಕೊಳ್ಳುತ್ತಾರೆ, ನೀನು ಅರ್ಧ ಹೆಜ್ಜೆ ಮುಂದೆ ನಡೆ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳು. ಬಿಟ್ಟು ಹೋಗುವಾಗ 'ನಾನು ಹೊರಟೆ' ಅಂತ ಹೇಳಿ ಹೋಗು. ಇಲ್ಲವಾದರೆ ಅವರು ಗಾಳಿಯ ಜೊತೆ ಮಾತಾಡುತ್ತ ನಿಂತಿರುತ್ತಾರೆ, ಸುತ್ತಲಿನವರು ನಗುತ್ತಾರೆ. ಬಿಳಿ ಕೋಲನ್ನು ಮಾತ್ರ ಜೋಪಾನ ಮಾಡುತ್ತೇನೆಂದು ತೆಗೆದು ಮೂಲೆಗೆ ಇಡಬೇಡ, ಕೋಲು ಅವರ ಕೈಗೆ ಸಿಗುವಲ್ಲೇ ಇರಲಿ.

ಊಟದ ಮಾತೂ ಬರಲಿ. ಬಾಳೆಲೆಯ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲಕ್ಕೂ ಒಂದು ಜಾಗವಿದೆ, ನಮ್ಮ ಮನೆಗಳಲ್ಲಿ ಬೆಳೆದ ಮಗು ಕಣ್ಣು ಮುಚ್ಚಿಯೂ ಉಣ್ಣಬಲ್ಲದು. ಕಾರಂಜಿಯ ಊಟ ಹಾಗಲ್ಲ. ಅಡಿಕೆ ಹಾಳೆಯ ತಟ್ಟೆಗೆ ಚಿತ್ರಾನ್ನದ ಮೇಲೇ ಕೇಸರಿಬಾತು ಬಿದ್ದಿರುತ್ತದೆ. 'ಅನ್ನ ನಿನ್ನ ಮುಂದೆ, ಸಿಹಿ ಬಲಕ್ಕೆ, ನೀರಿನ ಲೋಟ ಎಡಗೈ ಹತ್ತಿರ' ಅಂತ ಹೇಳಿ ನಿನ್ನ ಪಾಡಿಗೆ ನೀನು ಉಣ್ಣು. ತುತ್ತು ಮಾಡಿ ತಿನ್ನಿಸಲು ಹೋಗಬೇಡ.

ಗಾಲಿಕುರ್ಚಿಯಲ್ಲಿ ಕೂತವಳನ್ನು ನಾಲ್ಕು ಜನ ಎತ್ತಿ ವೇದಿಕೆಗೆ ಇಡುವ ದೃಶ್ಯ ಫೋಟೋಕ್ಕೆ ಚೆಂದ, ಕೂತವಳಿಗೆ ಅಲ್ಲ. ಬೆಳೆದ ಹುಡುಗಿ, ಮೈಮೇಲೆ ಯಾರ್ಯಾರದೋ ಕೈ, ಲಂಗ ಸರಿದರೂ ಸರಿಪಡಿಸಿಕೊಳ್ಳಲಾಗದ ಸ್ಥಿತಿ, ಕುರ್ಚಿ ವಾಲಿದರೆ ಬೀಳುವ ಭಯ. ಹಲಗೆ ಇಟ್ಟರಾಯಿತು ಅನ್ನುವವರು ಲೆಕ್ಕ ಮಾಡಿರುವುದಿಲ್ಲ. ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು, ಅಂದರೆ ಮೂರಡಿ ಎತ್ತರದ ವೇದಿಕೆಗೆ 36 ಅಡಿ ಉದ್ದದ ರ‍್ಯಾಂಪ್ ಬೇಕು. ಅಷ್ಟು ಜಾಗ ಯಾವ ಶಾಲೆಯಲ್ಲಿದೆ? ಅದಕ್ಕಿಂತ ಸುಲಭದ ದಾರಿ ಒಂದಿದೆ. ಆ ಸ್ಪರ್ಧೆಯನ್ನೇ ನೆಲಕ್ಕೆ ಇಳಿಸಿ, ಎಲ್ಲ ಸ್ಪರ್ಧಿಗಳೂ ನೆಲದ ಮೇಲೆ ನಿಂತೇ ಮಾತಾಡಲಿ. ಅವಳೊಬ್ಬಳನ್ನು ಕೆಳಗೆ ಕೂರಿಸಿ ಮಿಕ್ಕವರನ್ನು ಮೇಲೆ ಹತ್ತಿಸಬೇಡಿ. ಮಹಡಿಯ ಕೊಠಡಿಯಲ್ಲಿ ಇಟ್ಟ ರಸಪ್ರಶ್ನೆಗೂ ಇದೇ ಮಾತು. ಅವಳ ಕುರ್ಚಿಯ ಮೇಲೆ ಕೈಯೂರಿ ನಿಲ್ಲುವುದು, ಅದಕ್ಕೆ ನಿನ್ನ ಬ್ಯಾಗು ತೂಗುಹಾಕುವುದು ಬೇಡ. 'ಇವಳಿಗೆ ನೀರು ಬೇಕಾ' ಅಂತ ಅವಳ ಅಮ್ಮನನ್ನು ಕೇಳುವುದೂ ಬೇಡ, ಬಾಯಿ ಅವಳಿಗೇ ಇದೆ.

ಮಿಮಿಕ್ರಿಯ ಬಗ್ಗೆ ನನಗೆ ಹಳೆಯ ಸಿಟ್ಟಿದೆ, ಬರೆದೇಬಿಡುತ್ತೇನೆ. ಹಕ್ಕಿಯ ಕೂಗು, ಬಸ್ಸಿನ ಹಾರನ್ನು, ಸಿನಿಮಾ ನಟರು ಮುಗಿದ ಮೇಲೆ ಮಕ್ಕಳು ಹಿಡಿಯುವುದು ತೊದಲುವ ಮೇಷ್ಟರನ್ನು, ಕುಂಟುವ ಅಜ್ಜನನ್ನು. ಛದ್ಮವೇಷದಲ್ಲಿ ತಗಡಿನ ತಟ್ಟೆ ಹಿಡಿದ ಕುರುಡು ಭಿಕ್ಷುಕ ಇನ್ನೂ ಬರುತ್ತಲೇ ಇದ್ದಾನೆ. ಸಭೆ ನಕ್ಕು ಹಣ್ಣಾಗುತ್ತದೆ. ಅದೇ ಸಭೆಯಲ್ಲಿ, ಮುಂದಿನ ಸ್ಪರ್ಧೆಗೆ ಹೆಸರು ಕೊಟ್ಟು ಕೂತ ತೊದಲು ಮಾತಿನ ಹುಡುಗ ಹೆಸರು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಕೇಳಿದರೆ ಹೊಟ್ಟೆನೋವು ಅನ್ನುತ್ತಾನೆ. ನಾನು ತೀರ್ಪುಗಾರಳಾಗಿ ಇಂಥದ್ದಕ್ಕೆ ಅಂಕ ಕೊಟ್ಟವಳಲ್ಲ, ಜಗಳವೂ ಆಗಿದೆ. ತಪ್ಪು ಮಗುವಿನದಲ್ಲ, ಕಲಿಸಿ ಕಳಿಸಿದವರದು. 2016ರ ಕಾಯ್ದೆ ವೈಕಲ್ಯವಿರುವವರನ್ನು ಹೀಯಾಳಿಸಬೇಕೆಂದೇ ನಾಲ್ಕು ಜನರೆದುರು ಅವಮಾನಿಸುವವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಇಟ್ಟಿದೆ. ಸಿನಿಮಾ ಒಂದರ ಪ್ರಕರಣದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯವೇ ಬೇರೆ, ವೈಕಲ್ಯವಿರುವವರನ್ನು ಕುಗ್ಗಿಸುವ ಹಾಸ್ಯವೇ ಬೇರೆ ಎಂದು ಗೆರೆ ಎಳೆದು ತೋರಿಸಿತು. ಮಕ್ಕಳ ಮಿಮಿಕ್ರಿಗೆ ಪೊಲೀಸರನ್ನು ಕರೆಯಬೇಕು ಅನ್ನುತ್ತಿಲ್ಲ. ನೋಂದಣಿಯ ಮೇಜಿನಲ್ಲಿ ಕೂತಾಗ ಜೊತೆಗೆ ಬಂದ ಶಿಕ್ಷಕರಿಗೆ ಮೆಲ್ಲಗೆ ಒಂದು ಮಾತು ಹೇಳು, 'ಸಾರ್, ಇಲ್ಲಿ ಆ ತೊಂದರೆ ಇರುವ ಮಕ್ಕಳೂ ಕೂತಿದ್ದಾರೆ' ಅಂತ. ಬಹಳ ಜನ ಕೇಳುತ್ತಾರೆ. ತೊದಲುವ ಹುಡುಗ ಮೈಕಿನ ಮುಂದೆ ನಿಂತಾಗ ಮಾತ್ರ ಯಾರೂ ಅವನ ಪದವನ್ನು ಪೂರ್ತಿ ಮಾಡಿಕೊಡದ ಹಾಗೆ ನೋಡಿಕೊ.

ಮೂರ್ಛೆ ರೋಗದ ವಿಷಯ ಗೊತ್ತಿರಲಿ. ಬಿಸಿಲು, ಹಸಿವು, ನಿದ್ದೆಗೆಟ್ಟ ರಾತ್ರಿ, ಎಲ್ಲ ಸೇರಿ ಒಂದು ಮಗು ಬಿದ್ದರೆ ಜನ ಮುತ್ತಿಕೊಂಡು ಮೊದಲು ಹುಡುಕುವುದು ಬೀಗದ ಕೈಯನ್ನು. ಕಬ್ಬಿಣ ಹಿಡಿಸಿದರೆ ಪ್ರಯೋಜನವಿಲ್ಲ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡು. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡು. ಜನರನ್ನು ದೂರ ಕಳಿಸು, ವೀಡಿಯೋ ತೆಗೆಯುವವನನ್ನು ಎಲ್ಲರಿಗಿಂತ ಮೊದಲು. ಎಚ್ಚರವಾದಾಗ ಸುತ್ತ ಐವತ್ತು ಮುಖ ಕಂಡರೆ ಆ ಮಗುವಿಗೆ ಹೇಗಾಗಬೇಡ?

ಆಟಿಸಂ ಇರುವ ಮಕ್ಕಳಲ್ಲಿ ಕೆಲವರಿಗೆ ಸ್ಪೀಕರಿನ ಸದ್ದು ತಡೆಯುವುದಿಲ್ಲ. ಕಿವಿ ಮುಚ್ಚಿಕೊಂಡು ಕೂಗುವ ಹುಡುಗನ ತಾಯಿಗೆ 'ಸ್ವಲ್ಪ ಶಿಸ್ತು ಕಲಿಸಿ' ಅನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. ನೀನು ಹಿಂಬದಿಯ ಒಂದು ಖಾಲಿ ಕೊಠಡಿಯ ಬೀಗದ ಕೈಯನ್ನು ಮೊದಲೇ ಇಸಿದುಕೊಂಡಿರು, ಅದು ಉಪಯೋಗಕ್ಕೆ ಬರುವುದು ಇಲ್ಲಿ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇದನ್ನು ಖಂಡಿತ ಮಾಡು. ಸ್ಪರ್ಧಿಗಳ ಪಟ್ಟಿ ಕೈಗೆ ಬಂದ ಕೂಡಲೇ ಪ್ರತಿ ಶಾಲೆಯ ಶಿಕ್ಷಕರಿಗೆ ಫೋನು ಮಾಡಿ, ಯಾವ ಮಗುವಿಗೆ ಏನು ಬೇಕಾಗುತ್ತದೆ ಅಂತ ಕೇಳಿ ಬರೆದುಕೊ. ಹಿಂದಿನ ದಿನ ಸಂಜೆಯೇ ಶಾಲೆಗೆ ಹೋಗಿ ಯಾವ ಕೊಠಡಿಗೆ ಎಷ್ಟು ಮೆಟ್ಟಿಲು, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುತ್ತದೆಯೇ, ನೋಡಿ ಬಾ. ಹಿಂದಿನ ಸಂಜೆ ಕೇಳಿದರೆ ಮುಖ್ಯೋಪಾಧ್ಯಾಯರು ಕೊಠಡಿ ಬದಲಾಯಿಸಿ ಕೊಡುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ, ಉದ್ಘಾಟನೆಗೆ ಶಾಸಕರು ಬಂದು ನಿಂತ ಮೇಲೆ, ಯಾರೂ ಕೊಡುವುದಿಲ್ಲ.

ಇಂತಿ ನಿನ್ನ ದೊಡ್ಡಮ್ಮ