ನಿಮ್ಮ ಮನೆ ಎಲ್ಲಿದೆಯೆಂದು ಯಂತ್ರವನ್ನೇ ಕೇಳಿ

ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಮಕ್ಕಳೇ, ನಿಮ್ಮ ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪ್ ಕಂಡರೆ ನನಗೆ ಹಿಗ್ಗು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಮನೆಗಳ ಅನ್ನ ಆ ರೈಲಿನಲ್ಲೇ ಬರುತ್ತಿದೆ. ಆದರೆ ಒಂದು ಅಭ್ಯಾಸ ಕಂಡು ಆತಂಕವಾಗುತ್ತದೆ. ನೀವು ಬರೆದ ಪ್ರೋಗ್ರಾಮ್ ನಿಮ್ಮ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ, ಸಂದರ್ಶನಕ್ಕೆ ಕರೆದವರ ಯಂತ್ರದಲ್ಲಿ ನಿಂತುಬಿಡುತ್ತದೆ. ಎಷ್ಟೋ ಸಲ ಬುದ್ಧಿಗೆ ಕೊರತೆಯಿರುವುದಿಲ್ಲ. ಫೋಲ್ಡರ್‌ನ ವಿಳಾಸವನ್ನು ನೀವು ಕೈಯಾರೆ, ಉದ್ದಕ್ಕೆ ಟೈಪ್ ಮಾಡಿರುತ್ತೀರಿ, ಅಷ್ಟೇ.

ಎಲ್ಲರಿಗೂ ಸಲ್ಲುವ ವಿಳಾಸ ಹೇಗಿರುತ್ತದೆಂದು ನಮ್ಮ ಗಣಿಯಲ್ಲೇ ನೋಡಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಅಲ್ಲಿ ದುಡಿದವರನ್ನು ಎಲ್ಲಿ ಕೆಲಸ ಎಂದು ಕೇಳಿದರೆ ಮೊದಲು ಶಾಫ್ಟಿನ ಹೆಸರು, ಆಮೇಲೆ ಲೆವೆಲ್ಲಿನ ಸಂಖ್ಯೆ ಹೇಳುತ್ತಿದ್ದರು. ಯಾವ ಶಿಫ್ಟಿನವನು ಇಳಿದರೂ ಆ ಗುರುತಿನಿಂದ ಜಾಗ ತಲುಪಬಹುದಿತ್ತು.

ಈಗ ನೀವು ಬರೆಯುವ ವಿಳಾಸವನ್ನು ನೋಡಿ. ಸಿ ಡ್ರೈವ್, ಯೂಸರ್ಸ್, ಅದರ ಮುಂದೆ ನಿಮ್ಮದೇ ಹೆಸರು, ಆಮೇಲೆ ಡೆಸ್ಕ್‌ಟಾಪ್. ಆ ಹೆಸರು ಬೇರೆ ಯಾವ ಯಂತ್ರದಲ್ಲಿರುತ್ತದೆ? ಲಿನಕ್ಸ್‌ನಲ್ಲಿ ಬಳಕೆದಾರರ ಮನೆ, ಅಂದರೆ ಅವರ ಕಡತಗಳಿರುವ ಫೋಲ್ಡರ್, ಸಾಮಾನ್ಯವಾಗಿ 'ಹೋಮ್' ಎಂಬ ಫೋಲ್ಡರಿನೊಳಗೆ, ಮ್ಯಾಕ್‌ನಲ್ಲಿ 'ಯೂಸರ್ಸ್' ಒಳಗೆ. ವಿಂಡೋಸ್‌ನಲ್ಲೂ ಒನ್‌ಡ್ರೈವ್ ಬ್ಯಾಕಪ್ ಹಾಕಿದರೆ ಡೆಸ್ಕ್‌ಟಾಪ್ ಅದರೊಳಗೆ ಹೋಗಿ ಕೂರುತ್ತದೆ.

ಹೀಗೆ ಮನೆಯ ವಿಳಾಸ ಬದಲಾಗುವುದು ಹಿಂದೆಯೂ ಆದದ್ದೇ. ವಿಂಡೋಸ್ ಎಕ್ಸ್‌ಪಿಯಲ್ಲಿ ಎಲ್ಲರ ಮನೆಯೂ 'ಡಾಕ್ಯುಮೆಂಟ್ಸ್ ಅಂಡ್ ಸೆಟಿಂಗ್ಸ್' ಒಳಗಿತ್ತು. ವಿಸ್ಟಾ ಬಂದಾಗ 'ಯೂಸರ್ಸ್'ಗೆ ಬದಲಾಯಿತು. ಹಳೆಯ ವಿಳಾಸ ನೆಚ್ಚಿಕೊಂಡ ಪ್ರೋಗ್ರಾಮುಗಳು ಕೆಡದಿರಲೆಂದು ಮೈಕ್ರೋಸಾಫ್ಟ್ ಆ ಹಳೆಯ ಹೆಸರಿನಲ್ಲೊಂದು ಒಳದಾರಿ ಬಿಡಬೇಕಾಯಿತು. ನಿಮ್ಮ ಪ್ರೋಗ್ರಾಮಿಗೆ ಹಾಗೆ ದಾರಿ ಬಿಡುವವರು ಯಾರೂ ಇಲ್ಲ, ಮಕ್ಕಳೇ.

ಆದ್ದರಿಂದ ಯಂತ್ರವನ್ನೇ ಕೇಳಿ. ಪೈಥಾನ್‌ನಲ್ಲಿ ಪಾಥ್‌ಲಿಬ್‌ನ 'ಪಾಥ್.ಹೋಮ್', ಜಾವಾದಲ್ಲಿ 'ಯೂಸರ್.ಹೋಮ್', ನೋಡ್‌ನಲ್ಲಿ 'ಓಎಸ್.ಹೋಮ್‌ಡಿರ್'. ಒಂದೇ ಸಾಲು, ಮನೆಯ ವಿಳಾಸ ಸಿಗುತ್ತದೆ. ಪ್ರಾಜೆಕ್ಟಿನ ಜೊತೆಗೇ ಹೋಗಬೇಕಾದ ಕಡತಗಳಿಗೆ ಅದೂ ಬೇಡ. ಅವನ್ನು ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟು, ಪ್ರೋಗ್ರಾಮಿನ ಕಡತ ಎಲ್ಲಿದೆಯೋ ಅಲ್ಲಿಂದ ದಾರಿ ಲೆಕ್ಕ ಹಾಕಿ. ಹೆಸರುಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಫೋಲ್ಡರಿಗೆ ಹೆಸರಿಡುವಾಗಲೇ ಒಂದು ಪದ್ಧತಿ ಹಿಡಿಯಿರಿ.

ವಿಂಡೋಸ್ ವಿಳಾಸದಲ್ಲಿ ಫೋಲ್ಡರುಗಳ ನಡುವೆ ಬರುವ, ಹಿಂದಕ್ಕೆ ವಾಲಿದ ಗೆರೆಯ (ಬ್ಯಾಕ್‌ಸ್ಲ್ಯಾಶ್) ವಿಷಯದಲ್ಲಂತೂ ತುಂಬ ಎಚ್ಚರವಿರಲಿ. ಪೈಥಾನ್‌ನಲ್ಲಿ ಸಾಮಾನ್ಯ ಉದ್ಧರಣ ಚಿಹ್ನೆಯೊಳಗೆ ಆ ಗೆರೆ ಹಾಕಿ ಮುಂದೆ ದೊಡ್ಡ 'ಯು'ನಿಂದ 'ಯೂಸರ್ಸ್' ಎಂದು ಬರೆದರೆ, ಯೂನಿಕೋಡ್ ಅಕ್ಷರದ ಸಂಕೇತ ಶುರುವಾಯಿತೆಂದು ತಿಳಿದು ಅದು ಮೊದಲ ಸಾಲೂ ಓಡದೆ ನಿಲ್ಲುತ್ತದೆ. ಅದಾದರೂ ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ. ಅದೇ ಗೆರೆಯ ಮುಂದೆ ಸಣ್ಣ 'ಎನ್' ಬಂದರೆ ಸದ್ದಿಲ್ಲದೆ ಹೊಸ ಸಾಲಾಗಿಬಿಡುತ್ತದೆ. ಕಡತ ತೆರೆಯಲಾಗಲಿಲ್ಲ ಎಂಬ ದೂರು ಮಾತ್ರ ಬರುತ್ತದೆ, ನೀವು ರಾತ್ರಿಯೆಲ್ಲ ಬೇರೆಲ್ಲೋ ಹುಡುಕುತ್ತೀರಿ.

ಸಂದರ್ಶನದ ಹಿಂದಿನ ಸಂಜೆ ಇಷ್ಟು ಮಾಡಿ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಬೇರೆ ಹೆಸರಿನ ಹೊಸ ಬಳಕೆದಾರ ಖಾತೆ ತೆರೆದು, ಪ್ರಾಜೆಕ್ಟನ್ನು ಅಲ್ಲಿಗೆ ನಕಲು ಮಾಡಿ ಓಡಿಸಿ. ನಿಂತರೆ, ಯಾವ ಸಾಲಿನಲ್ಲಿ ನಿಮ್ಮ ಹಳೆಯ ಹೆಸರು ಉಳಿದಿದೆಯೆಂದು ಮೊದಲು ನೋಡಿ.