ಪರದೇಶದಲ್ಲಿ ಓದುವ ಮಕ್ಕಳಿಗೆ ಜ್ವರ ಬಂದರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶಕ್ಕೆ ಓದಲು ಹೊರಟ ಮಕ್ಕಳ ಆರೋಗ್ಯವಿಮೆಯ ಕುರಿತೇ ಇವೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಲ್ಲಿಯ ಸಾರ್ವಜನಿಕ ವಿಮೆಗೆ ತಿಂಗಳಿಗೆ 150 ಯೂರೊ ಹತ್ತಿರ ಬೀಳುತ್ತದಂತೆ. ಏಜೆಂಟರು 40 ಯೂರೊಗೆ ಖಾಸಗಿ ವಿಮೆ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ಈ ವರ್ಷ ಕೊಳೆರೋಗಕ್ಕೆ ಅರ್ಧ ಅಡಿಕೆ ಉದುರಿದೆ. ಯಾವುದನ್ನು ಮಾಡಿಸಲಿ?
— ತಂದೆ, ಕೋಲಸಿರ್ಸಿ

ಉತ್ತರ: ಫಸಲು ಕೈಕೊಟ್ಟ ವರ್ಷ ತಿಂಗಳಿಗೆ ನೂರು ಯೂರೊ ಉಳಿಯುತ್ತದೆ ಎಂದರೆ ಯಾರ ಮನಸ್ಸೂ ಅತ್ತ ವಾಲುತ್ತದೆ. ನೀವು ಲೆಕ್ಕ ಹಾಕುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಗಾಬರಿಯಾಗುವಂಥದ್ದೂ ಏನಿಲ್ಲ, ಇನ್ನೂ ಸಮಯವಿದೆ. ಆದರೆ ಏಜೆಂಟರು ಹೇಳದೆ ಬಿಟ್ಟಿರಬಹುದಾದ ಒಂದು ಸಂಗತಿ ನಿಮಗೆ ತಿಳಿದಿರಬೇಕು.

ಜರ್ಮನಿಯಲ್ಲಿ 30 ವರ್ಷದೊಳಗಿನ ವಿದ್ಯಾರ್ಥಿಗಳು ಶಾಸನಬದ್ಧ ವಿಮೆಗೆ (ಕಾನೂನಿನಡಿ ನಡೆಯುವ ಸಾರ್ವಜನಿಕ ವಿಮಾನಿಧಿ) ಸೇರಬೇಕೆಂಬುದು ನಿಯಮ. ಟೆಕ್ನಿಕರ್, ಎಒಕೆ, ಬಾರ್ಮರ್ ಮುಂತಾದವು ಅಂಥ ನಿಧಿಗಳು. 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ, ಕಾರ್ಖಾನೆಯ ಕೆಲಸಗಾರರಿಗಾಗಿ ಶುರುವಾದ ಏರ್ಪಾಡು ಇದು. ಬೇಡವೆನ್ನುವವರು ಪ್ರವೇಶವಾದ ಮೂರು ತಿಂಗಳೊಳಗೆ ವಿನಾಯಿತಿ ಕೇಳಬಹುದು. ತೊಡಕು ಇರುವುದೇ ಇಲ್ಲಿ: ಒಮ್ಮೆ ವಿನಾಯಿತಿ ಪಡೆದರೆ ಓದು ಮುಗಿಯುವ ತನಕ ಅದನ್ನು ಹಿಂದಕ್ಕೆ ಪಡೆಯಲಾಗದು. ಆರು ತಿಂಗಳಾದ ಮೇಲೆ ಖಾಸಗಿ ವಿಮೆ ಸಾಲದು ಅನ್ನಿಸಿದರೂ ಮಗಳು ಅದರಲ್ಲೇ ಉಳಿಯಬೇಕಾಗುತ್ತದೆ.

ಅಗ್ಗದ ಖಾಸಗಿ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆ, ಹಲ್ಲು, ಮನೋವೈದ್ಯರ ಚಿಕಿತ್ಸೆ ಇವನ್ನೆಲ್ಲ ಹೊರಗಿಟ್ಟಿರುವುದೇ ಹೆಚ್ಚು. ಎಷ್ಟೋ ಸಲ ಮೊದಲು ಕೈಯಿಂದ ಕೊಟ್ಟು, ಬಿಲ್ಲು ಕಳಿಸಿ, ಹಣಕ್ಕೆ ಕಾಯಬೇಕು. ಶಾಸನಬದ್ಧ ವಿಮೆಯಲ್ಲಿ ಕಾರ್ಡು ತೋರಿಸಿದರೆ ಸಾಕು. ವೈದ್ಯರು ಬರೆದ ಔಷಧಿಗೆ 5ರಿಂದ 10 ಯೂರೊ, ಆಸ್ಪತ್ರೆಗೆ ಸೇರಿದರೆ ದಿನಕ್ಕೆ 10 ಯೂರೊ ಕೊಡಬೇಕು. ಆಸ್ಪತ್ರೆಯ ಈ ಹಣವೂ ವರ್ಷಕ್ಕೆ 28 ದಿನ ಮಾತ್ರ.

ನನ್ನ ಮಾತು ಕೇಳುವುದಾದರೆ ಸಾರ್ವಜನಿಕ ವಿಮೆಯನ್ನೇ ಮಾಡಿಸಿ. ವೀಸಾಕ್ಕಾಗಿ ನೀವು ಹೇಗೂ ವರ್ಷಕ್ಕೆ 11,904 ಯೂರೊವನ್ನು ತಡೆಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ಬಿಡುಗಡೆಯಾಗುವ ಬ್ಯಾಂಕ್ ಖಾತೆ) ಇಡಬೇಕು. ಅದರಿಂದ ತಿಂಗಳಿಗೆ 992 ಯೂರೊ ಮಗಳ ಕೈಗೆ ಬರುತ್ತದೆ. ವಿಮೆಯ ಕಂತು ಅದರಲ್ಲೇ ಹೋಗುವುದರಿಂದ ನೀವು ಪ್ರತಿ ತಿಂಗಳು ಬೇರೆ ಹಣ ಹೊಂದಿಸಬೇಕಾಗಿಲ್ಲ.

ಮಗಳು ಸೆಮಿಸ್ಟರ್ ಶುರುವಾಗುವ ಮೊದಲೇ ಹೋಗುವುದಾದರೆ ನಡುವಿನ ದಿನಗಳಿಗೆ ಪ್ರವಾಸವಿಮೆ ಬೇಕು. ಬರೀ ಭಾಷಾ ಕೋರ್ಸಿಗೆ ಹೋಗುವವರಿಗೆ ಈ ವಿದ್ಯಾರ್ಥಿ ದರ ಸಿಗುವುದಿಲ್ಲ. ಅಂಥವರಿಗೆ ಖಾಸಗಿ ವಿಮೆಯೇ ಸರಿ.

ಪ್ರಶ್ನೆ: ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಹೋದ ತಿಂಗಳು ಎರಡು ದಿನ ಹೊಟ್ಟೆನೋವು ಬಂದರೂ ‘ಆಸ್ಪತ್ರೆಗೆ ಹೋದರೆ ಲಕ್ಷಗಟ್ಟಲೆ ಬಿಲ್ಲು’ ಎಂದು ರೂಮಿನಲ್ಲೇ ಮಲಗಿದ್ದನಂತೆ. ನನಗೆ ಗೊತ್ತಾದದ್ದು ವಾಸಿಯಾದ ಮೇಲೆ. ವಿಮೆ ಇದ್ದೂ ಯಾಕೆ ಇಷ್ಟು ಹೆದರುತ್ತಾರೆ? ಕೈಯಲ್ಲಿ ದುಡ್ಡಿಲ್ಲ ಎಂದರೆ ಆಸ್ಪತ್ರೆಯವರು ಹೊರಗೆ ಕಳಿಸುತ್ತಾರೆಯೆ?
— ತಾಯಿ, ಶಿರಸಿ

ಉತ್ತರ: ಇಲ್ಲ ತಾಯಿ, ಕಳಿಸುವಂತಿಲ್ಲ. ತುರ್ತು ವಿಭಾಗಕ್ಕೆ ಬಂದವರನ್ನು ದುಡ್ಡು ಕೇಳುವ ಮೊದಲೇ ಪರೀಕ್ಷಿಸಬೇಕು, ಪ್ರಾಣಾಪಾಯವಿದ್ದರೆ ಸ್ಥಿತಿ ಸುಧಾರಿಸುವಷ್ಟು ಚಿಕಿತ್ಸೆ ಕೊಡಬೇಕು ಎಂದು ಅಲ್ಲಿ 1986ರಿಂದಲೇ ಕಾನೂನಿದೆ. ಇದನ್ನು ಮೊದಲು ಮಗನಿಗೆ ಹೇಳಿ.

ಹಾಗೆಂದು ಮಗನ ಹೆದರಿಕೆ ಸುಳ್ಳಲ್ಲ. ಬಿಲ್ಲು ಆಮೇಲೆ ಬರುತ್ತದೆ, ದೊಡ್ಡದಾಗಿಯೇ ಬರುತ್ತದೆ. ಅವನನ್ನು ಬೈಯಬೇಡಿ. ಎಷ್ಟು ಕೊಡಬೇಕಾಗಬಹುದು ಎಂಬ ಅಂದಾಜೇ ಇಲ್ಲದಿದ್ದರೆ ಯಾರಿಗಾದರೂ ಭಯವಾಗುತ್ತದೆ. ಆ ಅಂದಾಜು ಅವನ ಪಾಲಿಸಿಯಲ್ಲೇ ಇದೆ, ಓದಿಸಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಸಹಕಾರಿ ಸಂಘದ ಮೂಲಕ ಯಶಸ್ವಿನಿ ಕಾರ್ಡು ಮಾಡಿಸಿದ್ದರೆ ಅರ್ಧ ವಿಷಯ ನಿಮಗೆ ಗೊತ್ತೇ ಇದೆ. ಯಶಸ್ವಿನಿಯಲ್ಲಿ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ಮಾತ್ರ ನಗದಿಲ್ಲದೆ ಚಿಕಿತ್ಸೆ. ಅಮೆರಿಕದಲ್ಲೂ ಹಾಗೆಯೇ, ಆ ಪಟ್ಟಿಗೆ ನೆಟ್‌ವರ್ಕ್ ಎನ್ನುತ್ತಾರೆ. ಹೊರಗಿನ ವೈದ್ಯರಲ್ಲಿಗೆ ಹೋದರೆ ವಿಮೆ ಕೊಡುವ ಪಾಲು ಇಳಿಯುತ್ತದೆ, ಕೆಲವು ಪಾಲಿಸಿಗಳಲ್ಲಿ ಏನೂ ಸಿಗದು.

ಇನ್ನರ್ಧ ನಮಗೆ ಹೊಸದು. ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಭರಿಸುವ ಮೊತ್ತ), ಕೋ-ಇನ್ಶೂರೆನ್ಸ್ (ಆಮೇಲಿನ ಖರ್ಚಿನಲ್ಲಿ ನಮ್ಮ ಶೇಕಡಾವಾರು ಪಾಲು), ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್ (ವರ್ಷಕ್ಕೆ ನಮ್ಮ ಕೈಯಿಂದ ಹೋಗಬಹುದಾದ ಗರಿಷ್ಠ ಮೊತ್ತ). ಒಂದು ಲೆಕ್ಕ ನೋಡೋಣ. ಡಿಡಕ್ಟಿಬಲ್ 500 ಡಾಲರ್, ಕೋ-ಇನ್ಶೂರೆನ್ಸ್ ಶೇ. 20 ಎಂದಿಟ್ಟುಕೊಳ್ಳಿ. ನೆಟ್‌ವರ್ಕ್ ಆಸ್ಪತ್ರೆಯಲ್ಲಿ 10,000 ಡಾಲರ್ ಬಿಲ್ಲಾದರೆ ಮೊದಲ 500 ನಿಮ್ಮದು, ಉಳಿದ 9,500ರ ಶೇ. 20 ಅಂದರೆ 1,900, ಒಟ್ಟು 2,400. ಗರಿಷ್ಠ ಮಿತಿ 2,000 ಇದ್ದರೆ 2,000ಕ್ಕೇ ನಿಂತಿತು. ಸಣ್ಣ ಮೊತ್ತವಲ್ಲ, ನಿಜ. ಆದರೆ ತೋಟ ಅಡವಿಡುವಂಥ ಮೊತ್ತವೂ ಅಲ್ಲ. ಮಗನ ಪಾಲಿಸಿಯ ಈ ಮೂರು ಅಂಕಿಗಳನ್ನು ಅವನಿಂದಲೇ ಬರೆಸಿ ತರಿಸಿಕೊಳ್ಳಿ.

ಎಲ್ಲಿಗೆ ಹೋಗಬೇಕು ಎಂಬುದೂ ಮುಖ್ಯ. ಹಗಲಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರೋಗ್ಯ ಕೇಂದ್ರ. ಅದು ಮುಚ್ಚಿದ್ದರೆ ಅರ್ಜೆಂಟ್ ಕೇರ್ (ಪ್ರಾಣಾಪಾಯವಿಲ್ಲದ ತೊಂದರೆಗೆ ಕೂಡಲೇ ನೋಡುವ ಕ್ಲಿನಿಕ್). ಉಸಿರಾಟದ ತೊಂದರೆ, ಎದೆನೋವು, ಪ್ರಜ್ಞೆ ತಪ್ಪುವುದು, ಹೊಟ್ಟೆಯ ಬಲಭಾಗದ ಕೆಳಗೆ ಏರುತ್ತಲೇ ಹೋಗುವ ನೋವು ಇವಕ್ಕೆಲ್ಲ ತುರ್ತು ವಿಭಾಗ. ಅಪೆಂಡಿಕ್ಸ್ ಊದಿಕೊಂಡದ್ದನ್ನು ದುಡ್ಡು ಉಳಿಸಲೆಂದು ಸಹಿಸಿ, ಅದು ಒಡೆದುಹೋದರೆ ಬಿಲ್ಲು ಹಲವು ಪಟ್ಟಾಗುತ್ತದೆ. ಪ್ರಾಣಕ್ಕೂ ಅಪಾಯ.

ಆಂಬುಲೆನ್ಸಿಗೆ ಸಾವಿರಾರು ಡಾಲರ್ ಎಂಬ ಕತೆಗಳು ಸುಳ್ಳಲ್ಲ. ನೆಟ್‌ವರ್ಕಿನ ಹೊರಗಿನ ತುರ್ತು ಚಿಕಿತ್ಸೆಗೆ ಅನಿರೀಕ್ಷಿತ ಬಿಲ್ಲು ಹಾಕದಂತೆ ತಡೆಯುವ ಕಾನೂನು 2022ರಲ್ಲಿ ಜಾರಿಗೆ ಬಂತು, ಆದರೆ ರಸ್ತೆಯ ಆಂಬುಲೆನ್ಸನ್ನು ಅದರಿಂದ ಹೊರಗಿಟ್ಟರು. ಎದೆನೋವು, ಉಸಿರಾಟದ ತೊಂದರೆ ಇಲ್ಲದೆ ನಡೆಯಬಲ್ಲ ಸ್ಥಿತಿಯಲ್ಲಿದ್ದರೆ ಸ್ನೇಹಿತರ ಕಾರಿನಲ್ಲಿ ಹೋಗಲಿ, ಇಲ್ಲದಿದ್ದರೆ ಹಿಂದೆ ಮುಂದೆ ನೋಡದೆ 911ಕ್ಕೆ ಕರೆ ಮಾಡಲಿ.

ಬಿಲ್ಲು ಬಂದ ಕೂಡಲೇ ಕಟ್ಟಿಬಿಡುವುದೂ ಬೇಡ. ಬಾಬ್ತುವಾರು ಬಿಲ್ಲು ಕೇಳಬೇಕು. ಲಾಭಕ್ಕಾಗಿ ನಡೆಯದ ಆಸ್ಪತ್ರೆಗಳು ಆರ್ಥಿಕ ನೆರವಿನ ನೀತಿಯನ್ನು ಬರೆದಿಟ್ಟಿರಲೇಬೇಕು, ಅದಕ್ಕೆ ಅರ್ಜಿ ಹಾಕಬಹುದು. ಕಂತಿನ ಸೌಲಭ್ಯವನ್ನೂ ಕೇಳಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಅಲ್ಲಿಯವರೂ ಹಾಗೆಯೇ ಮಾಡುತ್ತಾರೆ.

ಕೊನೆಗೊಂದು ಮಾತು. ಮಗನಿಗೆ 18 ತುಂಬಿರುವುದರಿಂದ ಅವನ ಒಪ್ಪಿಗೆಯಿಲ್ಲದೆ ವೈದ್ಯರು ಸಾಮಾನ್ಯವಾಗಿ ನಿಮಗೆ ಏನೂ ಹೇಳುವುದಿಲ್ಲ. ನೀವು ಶಿರಸಿಯಿಂದ ಎಷ್ಟು ಫೋನು ಮಾಡಿದರೂ ಅಷ್ಟೇ. ಈಗಲೇ ವಿದ್ಯಾರ್ಥಿ ಆರೋಗ್ಯ ಕೇಂದ್ರದಲ್ಲಿ ಒಪ್ಪಿಗೆಪತ್ರಕ್ಕೆ ಸಹಿ ಮಾಡಿ ನಿಮ್ಮ ಹೆಸರು, ನಂಬರು ಕೊಟ್ಟಿಡಲಿ.

ಪ್ರಶ್ನೆ: ತಮ್ಮ ಒಂದು ವರ್ಷದ ಕೋರ್ಸಿಗೆ ಇಂಗ್ಲೆಂಡಿಗೆ ಹೊರಟಿದ್ದಾನೆ. ವೀಸಾ ಅರ್ಜಿಯಲ್ಲಿ ಆರೋಗ್ಯ ಶುಲ್ಕ 1,164 ಪೌಂಡ್ ತೋರಿಸುತ್ತಿದೆ. ವರ್ಷಕ್ಕೆ 776 ಅಲ್ಲವೆ? ಮೋಸ ಏನಾದರೂ ನಡೆದಿದೆಯೆ?
— ಅಕ್ಕ, ಯಲ್ಲಾಪುರ

ಉತ್ತರ: ಮೋಸವಿಲ್ಲ, ನಿಶ್ಚಿಂತೆಯಾಗಿರಿ. ಶುಲ್ಕ ಹಾಕುವುದು ಕೋರ್ಸಿನ ಅವಧಿಗಲ್ಲ, ವೀಸಾದ ಅವಧಿಗೆ. ಹನ್ನೆರಡು ತಿಂಗಳ ಕೋರ್ಸಿಗೆ ಹಿಂದು ಮುಂದಿನ ತಿಂಗಳು ಸೇರಿಸಿ ವರ್ಷಕ್ಕಿಂತ ಹೆಚ್ಚಿನ ವೀಸಾ ಕೊಡುತ್ತಾರೆ. ಹೆಚ್ಚಿನ ಭಾಗಕ್ಕೆ ಅರ್ಧ ವರ್ಷದ 388 ಸೇರಿ 1,164 ಆಗಿದೆ. 2024ರ ಫೆಬ್ರವರಿಗೆ ಮೊದಲು ವಿದ್ಯಾರ್ಥಿಗಳಿಗೆ ಇದು ವರ್ಷಕ್ಕೆ 470 ಇತ್ತು, ಬಹಳ ಏರಿಸಿದರು.

ಇದು ವಿಮೆಯಲ್ಲ, ಅಲ್ಲಿಯ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಬಳಸಲು ಕಟ್ಟುವ ಹಣ. ತಮ್ಮ ಅಲ್ಲಿಗೆ ತಲುಪಿದ ವಾರದಲ್ಲೇ ಮನೆಯ ಹತ್ತಿರದ ಜಿಪಿ (ಕುಟುಂಬ ವೈದ್ಯರು) ಬಳಿ ಹೆಸರು ನೋಂದಾಯಿಸಲಿ. ಕಾಯಿಲೆ ಬಂದ ಮೇಲೆ ನೋಂದಣಿಗೆ ಓಡಾಡುವುದು ಕಷ್ಟ. ತುರ್ತಿಗೆ 999, ಸಲಹೆಗೆ 111. ಹಲ್ಲು, ಕನ್ನಡಕಕ್ಕೆ ಬೇರೆ ಖರ್ಚಿದೆ, ಅವನ್ನು ಊರಿನಲ್ಲೇ ಮುಗಿಸಿಕೊಂಡು ಹೋಗಲಿ.

ಪ್ರಶ್ನೆ: ನಾನು ಆಸ್ಟ್ರೇಲಿಯದಲ್ಲಿ ಓದುತ್ತಿದ್ದೇನೆ. ಫೆಬ್ರವರಿಯಲ್ಲಿ ಊರಿಗೆ ಬಂದಿದ್ದಾಗ ಮಂಗನ ಕಾಯಿಲೆಯ ಸುದ್ದಿ ಕೇಳಿ ಹೆದರಿದ್ದೆ. ವಾಪಸು ಹೋದ ಮೇಲೆ ಜ್ವರ ಬಂದರೆ ಅಲ್ಲಿಯ ವೈದ್ಯರಿಗೆ ಹೇಗೆ ಹೇಳಬೇಕು? ಊರಿನಲ್ಲಿದ್ದಾಗ ಬಂದರೆ ಅಲ್ಲಿಯ ವಿಮೆ ನಡೆಯುತ್ತದೆಯೆ?
— ವಿದ್ಯಾರ್ಥಿನಿ, ಸಿದ್ದಾಪುರ ತಾಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಕಾಡು, ತೋಟಕ್ಕೆ ಹೋದವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವುದೂ ಇಲ್ಲ. ಆದರೆ 2024ರಲ್ಲಿ ನಿಮ್ಮ ತಾಲೂಕಿನಲ್ಲೇ ಹಲವರಿಗೆ ಬಂದಿತ್ತು, ಹಾಗಾಗಿ ನಿಮ್ಮ ಎಚ್ಚರಿಕೆ ಸರಿಯಾದದ್ದೇ.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಈ ರೋಗ ಹೊರದೇಶದ ವೈದ್ಯರ ನೆನಪಿಗೆ ತಾನಾಗಿ ಬರುವುದು ಕಷ್ಟ. ನೀವೇ ಹೇಳಬೇಕು. ‘ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ’ ಎಂಬ ಹೆಸರು, ನೀವು ಊರಿನಲ್ಲಿದ್ದ ದಿನಾಂಕಗಳು, ಉಣುಗು ಕಚ್ಚಿತ್ತೇ ಎಂಬುದು, ಇಷ್ಟನ್ನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳಿ. ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಕೆಲವರಿಗೆ ಬಿಟ್ಟ ಜ್ವರ ಒಂದೆರಡು ವಾರದಲ್ಲಿ ಮತ್ತೆ ಬರುವುದುಂಟು. ವೈದ್ಯರು ನೋಡುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚಬಹುದು.

ನಿಮ್ಮ ಒಎಸ್‌ಎಚ್‌ಸಿ (ಆಸ್ಟ್ರೇಲಿಯ ವೀಸಾಕ್ಕೆ ಕಡ್ಡಾಯವಾದ ವಿದ್ಯಾರ್ಥಿ ವಿಮೆ) ಆ ದೇಶದೊಳಗೆ ಮಾತ್ರ ನಡೆಯುತ್ತದೆ. ಮಗಳು ಹೊರದೇಶಕ್ಕೆ ಹೋದಳೆಂದು ಮನೆಯ ಫ್ಯಾಮಿಲಿ ಫ್ಲೋಟರ್ (ಕುಟುಂಬಕ್ಕೆಲ್ಲ ಸೇರಿದ ಒಂದೇ ಪಾಲಿಸಿ) ಪಟ್ಟಿಯಿಂದ ಹೆಸರು ತೆಗೆಸುವವರಿದ್ದಾರೆ. ಹಾಗೆ ಮಾಡಬೇಡಿರೆಂದು ಅಪ್ಪನಿಗೆ ಹೇಳಿ. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಜೋರಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಾದ ಸ್ಥಿತಿ ಇನ್ನೂ ಇದೆ, ಆಗ ಅದು ಬೇಕಾಗುತ್ತದೆ.

ಪ್ರಶ್ನೆ: ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಮೊಮ್ಮಗ ದೂರ ಹೋಗುತ್ತಿದ್ದಾನೆ. ಅಲ್ಲಿ ಹೆಚ್ಚುಕಡಿಮೆಯಾದರೆ ಊರಿಗೆ ತರುವುದು ಹೇಗೆ?
— ಅಜ್ಜ, ಯಲ್ಲಾಪುರ ತಾಲೂಕು

ಉತ್ತರ: ಕೇಳಬಾರದ್ದೇನಲ್ಲ. ಎಷ್ಟೋ ಮನೆಗಳಲ್ಲಿ ಇದು ಎಲ್ಲರ ಮನಸ್ಸಿನಲ್ಲೂ ಇರುತ್ತದೆ, ಬಾಯಿಬಿಟ್ಟು ಕೇಳುವವರು ಕಡಿಮೆ.

ಪಾಲಿಸಿಯಲ್ಲಿ ಎರಡು ಬಾಬ್ತು ನೋಡಿಸಿ: ಮೆಡಿಕಲ್ ಇವ್ಯಾಕ್ಯುಯೇಷನ್ (ಕಾಯಿಲೆಯವರನ್ನು ಚಿಕಿತ್ಸೆಗಾಗಿ ಬೇರೆಡೆಗೆ ಸಾಗಿಸುವುದು) ಮತ್ತು ರೀಪೇಟ್ರಿಯೇಷನ್ (ಪಾರ್ಥಿವ ಶರೀರವನ್ನು ಊರಿಗೆ ಕಳಿಸುವುದು). ಅಮೆರಿಕದ ಜೆ-1 ವೀಸಾದವರಿಗೆ ಇವು ಕಡ್ಡಾಯ, ಕನಿಷ್ಠ 50,000 ಮತ್ತು 25,000 ಡಾಲರ್. ಉಳಿದವರು ತಾವೇ ಕೇಳಿ ಸೇರಿಸಿಕೊಳ್ಳಬೇಕು. ಬ್ರಿಟನ್ನಿನ ಆರೋಗ್ಯ ಶುಲ್ಕದಲ್ಲಿ ಇವು ಇಲ್ಲ.

ಯುದ್ಧದಿಂದಾದ ಹಾನಿಯನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ತೀರಿಕೊಂಡಾಗ ಸರಕಾರಗಳೇ ಓಡಾಡಿ ಅವನ ಪಾರ್ಥಿವ ಶರೀರವನ್ನು ಊರಿಗೆ ತಂದವು. ಕೈಲಾಗದ ಕುಟುಂಬಗಳಿಗೆ ನೆರವಾಗಲು ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿಯೂ ಇದೆ. ಮೊಮ್ಮಗ ಹೋದ ಕೂಡಲೇ ಅಲ್ಲಿಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ.

ಪ್ರಶ್ನೆ: ಅಮೆರಿಕದ ಕಾಲೇಜು ಎಂಎಂಆರ್ ಲಸಿಕೆಯ ದಾಖಲೆ ಕೇಳಿದೆ. ತಾಯಿ ಕಾರ್ಡು ಹುಡುಕಿದರೂ ಸಿಗುತ್ತಿಲ್ಲ. ಇನ್ನು ಎರಡು ತಿಂಗಳಿದೆ.
— ವಿದ್ಯಾರ್ಥಿ, ಶಿರಸಿ

ಉತ್ತರ: ಎರಡು ತಿಂಗಳು ಸಾಕು. ಕಾರ್ಡು ಸಿಕ್ಕಿದರೂ ಬಹುಶಃ ಪೂರ್ತಿ ಕೆಲಸವಾಗುತ್ತಿರಲಿಲ್ಲ. ಎಂಎಂಆರ್ ತಡೆಯುವ ಮೂರು ರೋಗಗಳಲ್ಲಿ, ನೀವು ಚಿಕ್ಕವರಿದ್ದಾಗ ಸರಕಾರಿ ಲಸಿಕೆಯಲ್ಲಿ ದಡಾರದ್ದು ಮಾತ್ರ ಇತ್ತು. 2017ರ ಅಭಿಯಾನದಲ್ಲಿ ರುಬೆಲ್ಲಾ ಸೇರಿತು, ಮಂಪ್ಸ್ (ಕೆಪ್ಪಟೆರಾಯ) ಅದರಲ್ಲಿಲ್ಲ. ಈ ವಾರವೇ ಮೊದಲ ಡೋಸ್ ಹಾಕಿಸಿಕೊಳ್ಳಿ, ಕನಿಷ್ಠ 28 ದಿನ ಬಿಟ್ಟು ಎರಡನೆಯದು. ವೈದ್ಯರ ಸಹಿ, ಮೊಹರು, ದಿನಾಂಕ ಇರಲಿ. ಕ್ಷಯದ ಪರೀಕ್ಷೆ ಕೇಳಿದರೆ ಚರ್ಮದ ಪರೀಕ್ಷೆಗಿಂತ ರಕ್ತಪರೀಕ್ಷೆ ಮಾಡಿಸುವುದು ಮೇಲು. ಬಿಸಿಜಿ ಹಾಕಿಸಿಕೊಂಡವರಲ್ಲಿ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು.

ದಿನವೂ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಮೂರು ತಿಂಗಳಿಗಾಗುವಷ್ಟನ್ನು ವೈದ್ಯರ ಚೀಟಿಯೊಂದಿಗೆ, ಮೂಲ ಪ್ಯಾಕಿನಲ್ಲೇ ಒಯ್ಯಿರಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ, ನಮ್ಮ ಕಂಪನಿ ಹೆಸರುಗಳು ಅಲ್ಲಿ ತಿಳಿಯುವುದಿಲ್ಲ. ನಮ್ಮಲ್ಲಿ ನೋವಿಗೆಂದು ಎಲ್ಲರೂ ನುಂಗುವ ನಿಮೆಸುಲೈಡ್‌ಗೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.