ಡ್ರೈವ್ ತೆರೆಯುತ್ತಿಲ್ಲವೇ? ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾರಣ ಹುಡುಕುವ ಬಗೆ

ಪೆನ್‌ಡ್ರೈವೋ ಹೊರಗಿನ ಹಾರ್ಡ್‌ಡಿಸ್ಕೋ ಹಾಕಿ ಕ್ಲಿಕ್ ಮಾಡಿದರೆ ಕೆಲವೊಮ್ಮೆ ನೀಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಇಲ್ಲವೇ 'ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂಬ ಪೆಟ್ಟಿಗೆ ಎದ್ದು ಬರುತ್ತದೆ. ಗಾಬರಿಯಲ್ಲಿ ಓಕೆ ಒತ್ತುವವರೇ ಹೆಚ್ಚು. ಒತ್ತಬೇಡಿ. ಕ್ಯಾನ್ಸಲ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಎಕ್ಸ್‌ಪ್ಲೋರರ್ ಹೇಳದ ಕಾರಣವನ್ನು ಆ ಕಪ್ಪು ಪರದೆ ಒಂದು ಸಾಲಿನಲ್ಲಿ ಹೇಳಿಬಿಡುತ್ತದೆ. ಆ ಸಾಲನ್ನು ಓದಿದ ಮೇಲೆಯೇ ರಿಪೇರಿಗೆ ಕೈ ಹಾಕಬೇಕು. ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ನಿಮ್ಮ ಡ್ರೈವ್‌ನ ಅಕ್ಷರ ಇ ಎಂದು ಇಟ್ಟುಕೊಂಡಿದ್ದೇನೆ, ಬೇರೆಯಿದ್ದರೆ ಅದನ್ನು ಹಾಕಿಕೊಳ್ಳಿ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲೇ.

ಹಂತ 1: ಪ್ರಾಂಪ್ಟ್ ತೆರೆಯುವುದು

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಿದ್ದರೆ ಎಂಟರ್ ಬದಲು ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಆಗ ವಿಂಡೋದ ತಲೆಯ ಮೇಲೆ 'ಅಡ್ಮಿನಿಸ್ಟ್ರೇಟರ್' ಎಂದು ಕಾಣುತ್ತದೆ.

ಮೊದಲು ಸಾಮಾನ್ಯ ಪ್ರಾಂಪ್ಟನ್ನೇ ತೆರೆಯಿರಿ. ಆಫೀಸಿನ ಸರ್ವರ್‌ನಿಂದ ಝಡ್ ಅಥವಾ ಎಸ್ ಅಕ್ಷರ ಕೊಟ್ಟು ಜೋಡಿಸಿಕೊಂಡ ನೆಟ್‌ವರ್ಕ್ ಡ್ರೈವ್‌ಗಳು ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್‌ಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಡ್ರೈವ್ ಚೆನ್ನಾಗಿಯೇ ಇರುತ್ತದೆ, ನೀವು ನೋಡುತ್ತಿರುವ ಕಿಟಕಿ ಬೇರೆ ಅಷ್ಟೆ. ನೆಟ್‌ವರ್ಕ್ ಡ್ರೈವ್ ಬಗ್ಗೆ ಅನುಮಾನವಿದ್ದರೆ ಸಾಮಾನ್ಯ ಪ್ರಾಂಪ್ಟ್‌ನಲ್ಲಿ 'ನೆಟ್ ಯೂಸ್' ಎಂದು ಹೊಡೆಯಿರಿ, ಸಂಪರ್ಕ ಇದೆಯೋ ಕಡಿದಿದೆಯೋ ಪಟ್ಟಿಯಲ್ಲೇ ಗೊತ್ತಾಗುತ್ತದೆ.

ನುಡಿ ಅಥವಾ ಬರಹ ಬಳಸುವವರು ಅದನ್ನು ಮೊದಲು ಆಫ್ ಮಾಡಿ. ವಿಂಡೋಸ್‌ನದೇ ಕನ್ನಡ ಕೀಲಿಮಣೆ ಇದ್ದರೆ ವಿಂಡೋಸ್ ಕೀ ಮತ್ತು ಸ್ಪೇಸ್‌ಬಾರ್ ಒತ್ತಿ ಇಂಗ್ಲಿಷಿಗೆ ಬನ್ನಿ.

ಹಂತ 2: ಡ್ರೈವ್‌ಗೆ ಹೋಗುವುದು

ಇಲ್ಲೇ ಬಹಳ ಮಂದಿ ಎಡವುವುದು. 'ಸಿಡಿ ಇ:\' ಎಂದು ಹೊಡೆದು ಎಂಟರ್ ಒತ್ತುತ್ತಾರೆ. ತಪ್ಪಿದೆ ಎಂದೂ ಬರುವುದಿಲ್ಲ, ಜಾಗವೂ ಬದಲಾಗುವುದಿಲ್ಲ, ಪ್ರಾಂಪ್ಟ್ ಸಿ ಡ್ರೈವ್‌ನಲ್ಲೇ ನಿಂತಿರುತ್ತದೆ. ಡ್ರೈವ್ ಕೆಟ್ಟಿದೆ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಡಾಸ್ ಕಾಲದಿಂದ ಬಂದ ಪದ್ಧತಿಯಂತೆ ಪ್ರತಿ ಡ್ರೈವ್‌ಗೂ ಅದರದೇ ಆದ 'ಈಗಿರುವ ಫೋಲ್ಡರ್' ಎಂಬ ನೆನಪಿರುತ್ತದೆ. 'ಸಿಡಿ' ಆ ನೆನಪನ್ನು ಮಾತ್ರ ಬದಲಿಸುತ್ತದೆ, ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ.

ಹೋಗಬೇಕಿದ್ದರೆ ಬರೀ 'ಇ:' ಎಂದು ಹೊಡೆಯಿರಿ. ಅಕ್ಷರ, ಅದಕ್ಕೆ ಅಂಟಿಕೊಂಡ ಕೋಲನ್, ಬೇರೇನೂ ಬೇಡ. ನೇರವಾಗಿ ಒಂದು ಫೋಲ್ಡರಿಗೇ ಹೋಗಬೇಕಿದ್ದರೆ 'ಸಿಡಿ /ಡಿ ಇ:\ಫೋಟೋ' ಎಂದು ಕೊಡಿ. ಆ '/ಡಿ' ಇದ್ದರೆ ಡ್ರೈವೂ ಫೋಲ್ಡರೂ ಒಟ್ಟಿಗೇ ಬದಲಾಗುತ್ತವೆ. ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಇಡೀ ದಾರಿಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡುವುದು ಒಳ್ಳೆಯದು.

ಪ್ರಾಂಪ್ಟ್ 'ಇ:\>' ಆಯಿತೇ? 'ಡಿಐಆರ್' ಎಂದು ಹೊಡೆದರೆ ಪಟ್ಟಿ ಬರುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಇಲ್ಲಿ ಚೌಕ ಚೌಕವಾಗಿ ಕಾಣಬಹುದು. ಫೈಲ್ ಕೆಟ್ಟಿಲ್ಲ, ಆ ಕಪ್ಪು ಪರದೆಯ ಫಾಂಟಿಗೆ ಕನ್ನಡ ಬಾರದು. ಫೋಲ್ಡರಿಗೆ ಅಂಥ ಹೆಸರಿದ್ದರೆ ಅದನ್ನು ಟೈಪ್ ಮಾಡಲು ಹೆಣಗುವ ಬದಲು 'ಸಿಡಿ' ಎಂದು ಹೊಡೆದು ಒಂದು ಸ್ಪೇಸ್ ಬಿಟ್ಟು ಟ್ಯಾಬ್ ಒತ್ತುತ್ತಾ ಹೋಗಿ, ಹೆಸರುಗಳು ಒಂದೊಂದಾಗಿ ತಾವೇ ಬರುತ್ತವೆ.

ಹಂತ 3: ಉತ್ತರ ಓದುವುದು

ಒಳಗೆ ಹೋಗಲಾಗದಿದ್ದರೆ ಬರುವ ಉತ್ತರ ಹೆಚ್ಚಾಗಿ ಈ ಕೆಲವುಗಳಲ್ಲಿ ಒಂದು.

'ದ ಸಿಸ್ಟಮ್ ಕೆನಾಟ್ ಫೈಂಡ್ ದ ಡ್ರೈವ್ ಸ್ಪೆಸಿಫೈಡ್' ಎಂದರೆ ಆ ಅಕ್ಷರದ ಡ್ರೈವೇ ಇಲ್ಲ. 4ನೇ ಹಂತಕ್ಕೆ ಹೋಗಿ.

'ದ ಡಿವೈಸ್ ಈಸ್ ನಾಟ್ ರೆಡಿ' ಎಂದರೆ ಅಕ್ಷರ ಇದೆ, ಒಳಗೆ ಏನೂ ಇಲ್ಲ. ಕಾರ್ಡ್ ಹಾಕದ ಕಾರ್ಡ್ ರೀಡರ್, ಸಿಡಿ ಇಲ್ಲದ ಡಿವಿಡಿ ಡ್ರೈವ್ ಹೀಗೆನ್ನುತ್ತವೆ. ನೀವು ಅಕ್ಷರವನ್ನೇ ತಪ್ಪಾಗಿ ಹೊಡೆದಿರಲೂಬಹುದು.

'ಆ್ಯಕ್ಸೆಸ್ ಈಸ್ ಡಿನೈಡ್' ಎಂದರೆ ಡ್ರೈವ್ ಇದೆ, ನಿಮಗೆ ಅನುಮತಿ ಇಲ್ಲ. ಅದು 6ನೇ ಹಂತ.

ವಾಲ್ಯೂಮ್‌ನಲ್ಲಿ ಗುರುತಿಸಬಲ್ಲ ಫೈಲ್ ಸಿಸ್ಟಮ್ ಇಲ್ಲ ಎಂಬ ಉದ್ದನೆಯ ಸಾಲು ಬಂದರೆ, ಅಥವಾ 'ಕರಪ್ಟೆಡ್ ಆ್ಯಂಡ್ ಅನ್‌ರೀಡಬಲ್' ಎಂಬ ಮಾತಿದ್ದರೆ 5ನೇ ಹಂತ. ಆದರೆ ಆ ಡಿಸ್ಕ್ ಮ್ಯಾಕ್‌ನಲ್ಲೋ ಲಿನಕ್ಸ್‌ನಲ್ಲೋ ಬಳಸಿದ್ದಲ್ಲ ತಾನೇ ಎಂದು ಮೊದಲು ವಿಚಾರಿಸಿ. ಅವುಗಳ ಫೈಲ್ ಸಿಸ್ಟಮ್ ವಿಂಡೋಸ್‌ಗೆ ತಾನಾಗಿ ಓದಲು ಬಾರದು. ಅಲ್ಲಿ ಏನೂ ಕೆಟ್ಟಿರುವುದಿಲ್ಲ, ಫಾರ್ಮ್ಯಾಟ್ ಮಾಡಿದರೆ ಮಾತ್ರ ಕೆಡುತ್ತದೆ.

ಹಂತ 4: ಡಿಸ್ಕ್ ಕಂಪ್ಯೂಟರಿಗೆ ಕಾಣುತ್ತಿದೆಯೇ?

'ಡಿಸ್ಕ್‌ಪಾರ್ಟ್' ಎಂದು ಹೊಡೆಯಿರಿ. ಅನುಮತಿ ಕೇಳಿ ಇನ್ನೊಂದು ಕಿಟಕಿ ತೆರೆದುಕೊಳ್ಳಬಹುದು, ಹೂಂ ಎನ್ನಿ. ಅಲ್ಲಿ 'ಲಿಸ್ಟ್ ಡಿಸ್ಕ್' ಕೊಟ್ಟರೆ ಕಂಪ್ಯೂಟರಿಗೆ ತಗುಲಿರುವ ಡಿಸ್ಕ್‌ಗಳೆಲ್ಲ 0, 1, 2 ಎಂಬ ಸಂಖ್ಯೆಯಲ್ಲಿ ಬರುತ್ತವೆ. ಗಾತ್ರ ನೋಡಿ ಗುರುತು ಹಿಡಿಯಬೇಕು. ಪೆಟ್ಟಿಗೆ ಮೇಲೆ 1 ಟಿಬಿ ಎಂದಿದ್ದದ್ದು ಇಲ್ಲಿ 931 ಜಿಬಿ ಎಂದು ಕಾಣುತ್ತದೆ, ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ನಿಮ್ಮ ಡಿಸ್ಕ್ ಪಟ್ಟಿಯಲ್ಲೇ ಇಲ್ಲದಿದ್ದರೆ ಯಾವ ಕಮಾಂಡೂ ಕೆಲಸಕ್ಕೆ ಬಾರದು. ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ ನೋಡಿ. ಪಟ್ಟಿಯಲ್ಲಿದ್ದು 'ನೋ ಮೀಡಿಯಾ', ಗಾತ್ರ 0 ಎಂದು ಬಂದರೆ ಮತ್ತು ಅದು ಪೆನ್‌ಡ್ರೈವ್ ಆಗಿದ್ದರೆ, ಹೆಚ್ಚಾಗಿ ಒಳಗಿನ ಚಿಪ್ ಹೋಗಿದೆ ಎಂದೇ ತಿಳಿಯಿರಿ.

ಡಿಸ್ಕ್ ಇದೆ, ಅಕ್ಷರ ಮಾತ್ರ ಇಲ್ಲ ಎಂಬುದು ಸುಲಭದ ಪ್ರಕರಣ. ಮನೆ ಇದ್ದಲ್ಲೇ ಇದೆ, ಬಾಗಿಲ ಮೇಲಿನ ನಂಬರ್ ಪ್ಲೇಟ್ ಕಳಚಿ ಬಿದ್ದಿದೆ. 'ಲಿಸ್ಟ್ ವಾಲ್ಯೂಮ್' ಕೊಡಿ. ನಿಮ್ಮ ವಾಲ್ಯೂಮ್‌ನ ಸಂಖ್ಯೆ 3 ಎಂದಿದ್ದು ಅಕ್ಷರದ ಕಾಲಂ ಖಾಲಿ ಇದ್ದರೆ 'ಸೆಲೆಕ್ಟ್ ವಾಲ್ಯೂಮ್ 3', ಆಮೇಲೆ 'ಅಸೈನ್ ಲೆಟರ್=ಇ'. ಮುಗಿಯಿತು. ಡಿಸ್ಕ್ 'ಆಫ್‌ಲೈನ್' ಎಂದಿದ್ದರೆ 'ಸೆಲೆಕ್ಟ್ ಡಿಸ್ಕ್ 1' ಎಂಬಂತೆ ಆರಿಸಿ 'ಆನ್‌ಲೈನ್ ಡಿಸ್ಕ್' ಕೊಡಿ. ಚಿಕ್ಕ ಗಾತ್ರದ, 'ಸಿಸ್ಟಮ್' ಅಥವಾ 'ಹಿಡನ್' ಎಂದಿರುವ ವಾಲ್ಯೂಮ್‌ಗಳಿಗೆ ಅಕ್ಷರ ಇಲ್ಲದಿರುವುದೇ ಸರಿ, ಅವುಗಳ ತಂಟೆಗೆ ಹೋಗಬೇಡಿ.

ಡಿಸ್ಕ್‌ಪಾರ್ಟ್ ಒಳಗೆ 'ಕ್ಲೀನ್' ಎಂಬ ಕಮಾಂಡ್ ಇದೆ. ಹೆಸರು ಕೇಳಿ ಕಸ ಗುಡಿಸುತ್ತದೆ ಎಂದುಕೊಳ್ಳಬೇಡಿ. ಅದು ಡಿಸ್ಕಿನ ಪಾರ್ಟಿಷನ್‌ಗಳನ್ನೇ ಒರೆಸಿ ಹಾಕುತ್ತದೆ, 'ಖಚಿತವೇ' ಎಂದೂ ಕೇಳುವುದಿಲ್ಲ. ಕೆಲಸ ಮುಗಿದ ಕೂಡಲೇ 'ಎಕ್ಸಿಟ್' ಕೊಟ್ಟು ಹೊರಬನ್ನಿ.

ವಿಂಡೋಸ್ ಶುರುವಾಗದೆ ರಿಕವರಿ ಪರದೆಯಿಂದ ಪ್ರಾಂಪ್ಟ್ ತೆರೆದಿದ್ದರೆ ನೀವು ನಿಂತಿರುವುದು ಎಕ್ಸ್ ಡ್ರೈವ್‌ನಲ್ಲಿ. ಅಲ್ಲಿ ನಿಮ್ಮ ಎಂದಿನ ಸಿ ಡ್ರೈವ್ ಡಿ ಆಗಿಯೋ ಇ ಆಗಿಯೋ ಬಂದಿರಬಹುದು. 'ಲಿಸ್ಟ್ ವಾಲ್ಯೂಮ್' ನೋಡದೆ ಮುಂದೆ ಹೋಗಬೇಡಿ.

ಹಂತ 5: ಮೊದಲು ಕಾಪಿ, ಆಮೇಲೆ ಚೆಕ್‌ಡಿಸ್ಕ್

ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರಕ್ಷರದ ಚೆಕ್‌ಡಿಸ್ಕ್ ಕಮಾಂಡನ್ನು ಎಲ್ಲರೂ ಮೊದಲ ಮದ್ದಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಮದ್ದು. ಫೈಲ್ ಸಿಸ್ಟಮನ್ನು ಸರಿಮಾಡುವುದು ಅದರ ಗುರಿ, ನಿಮ್ಮ ಫೈಲುಗಳನ್ನು ಉಳಿಸುವುದಲ್ಲ. ತಲೆಬುಡ ಸಿಗದ ತುಂಡುಗಳನ್ನು ಅದು ಫೌಂಡ್.000 ಎಂಬ ಫೋಲ್ಡರಿನಲ್ಲಿ ಹೆಸರು ಕುಲವಿಲ್ಲದ ಫೈಲುಗಳಾಗಿ ಸುರಿದುಬಿಡುವುದುಂಟು.

ಆದ್ದರಿಂದ ಡ್ರೈವ್ ಸ್ವಲ್ಪವಾದರೂ ತೆರೆಯುತ್ತಿದ್ದರೆ ಮೊದಲು ಕಾಪಿ ಮಾಡಿಕೊಳ್ಳಿ:

ರೋಬೋಕಾಪಿ ಇ:\ ಡಿ:\ಕಾಪಿ /ಇ /ಆರ್:1 /ಡಬ್ಲ್ಯೂ:1

ಕೊನೆಯ ಎರಡು ಸ್ವಿಚ್‌ಗಳನ್ನು ಬಿಡಲೇಬೇಡಿ. ಬಿಟ್ಟರೆ ಓದಲಾಗದ ಪ್ರತಿ ಫೈಲಿಗೂ ರೋಬೋಕಾಪಿ 10 ಲಕ್ಷ ಸಲ ಯತ್ನಿಸುತ್ತದೆ, ಪ್ರತಿ ಯತ್ನದ ನಡುವೆ 30 ಸೆಕೆಂಡ್ ಕಾಯುತ್ತದೆ. ಮೇಲಿನಂತೆ ಕೊಟ್ಟರೆ ಒಂದು ಸಲ ಮರುಯತ್ನಿಸಿ ಮುಂದಕ್ಕೆ ಹೋಗುತ್ತದೆ. ಕಾಪಿ ಮುಗಿದ ಮೇಲೆ ಡಿ ಡ್ರೈವ್‌ನಲ್ಲಿ ಆ ಫೋಲ್ಡರೇ ಕಾಣದಿದ್ದರೆ ಹೆದರಬೇಡಿ. ಡ್ರೈವ್‌ನ ಬುಡದಿಂದ ಕಾಪಿ ಮಾಡಿದಾಗ 'ಹಿಡನ್' ಗುಣವೂ ಜೊತೆಗೆ ಬಂದುಬಿಡುತ್ತದೆ. 'ಅಟ್ರಿಬ್ -ಎಚ್ -ಎಸ್ ಡಿ:\ಕಾಪಿ' ಎಂದು ಕೊಟ್ಟರೆ ಕಾಣುತ್ತದೆ.

ಈಗ ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್‌ನಲ್ಲಿ, ಸಿ ಡ್ರೈವ್‌ನಲ್ಲಿ ನಿಂತು, ಚೆಕ್‌ಡಿಸ್ಕ್ ಹೆಸರಿನ ಮುಂದೆ 'ಇ:' ಮಾತ್ರ ಕೊಡಿ. ಹೀಗೆ ಕೊಟ್ಟರೆ ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ದೋಷವಿದೆ ಎಂದರೆ '/ಎಫ್' ಸೇರಿಸಿ ಮತ್ತೆ ಓಡಿಸಿ. '/ಆರ್' ಹಾಕಿದರೆ ಡಿಸ್ಕಿನ ಮೂಲೆ ಮೂಲೆಯನ್ನೂ ಓದುತ್ತದೆ, ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಸಾಯುವ ಹಂತದ ಡಿಸ್ಕನ್ನು ಅಷ್ಟು ದುಡಿಸುವುದು ಜಾಣತನವಲ್ಲ. ಫೈಲ್ ಸಿಸ್ಟಮ್ 'ರಾ' ಆಗಿದೆ, ಚೆಕ್‌ಡಿಸ್ಕ್ ಆಗದು ಎಂದು ಬಂದರೆ, ಅಥವಾ 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಎಂಬ ಮಾತು ಕಂಡರೆ, ಅಥವಾ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಅಲ್ಲೇ ನಿಲ್ಲಿಸಿ. ಮದುವೆ ಫೋಟೋದಂಥದ್ದು ಒಳಗಿದ್ದರೆ ಡೇಟಾ ರಿಕವರಿ ಮಾಡುವವರ ಬಳಿಗೆ ಒಯ್ಯಿರಿ.

ಹಂತ 6: ಅನುಮತಿ ಮತ್ತು ಬೀಗ

ಹಳೆಯ ಲ್ಯಾಪ್‌ಟಾಪ್‌ನ ಹಾರ್ಡ್‌ಡಿಸ್ಕ್ ತೆಗೆದು ಹೊಸದಕ್ಕೆ ಜೋಡಿಸಿದಾಗ ಡ್ರೈವ್ ತೆರೆಯುತ್ತದೆ, ಒಳಗಿನ ನಿಮ್ಮ ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಅದರ ಒಡೆತನ ಹಳೆಯ ವಿಂಡೋಸ್‌ನ ಖಾತೆಯದು. ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್‌ನಲ್ಲಿ 'ಟೇಕ್‌ಓನ್ /ಎಫ್ ಇ:\ಫೋಟೋ /ಆರ್ /ಡಿ ವೈ' ಎಂದು ಕೊಟ್ಟು ಒಡೆತನ ತೆಗೆದುಕೊಳ್ಳಿ. ಆಮೇಲೆ ಐ, ಸಿ, ಎ, ಸಿ, ಎಲ್, ಎಸ್ ಎಂಬ ಕಮಾಂಡಿನ ಮುಂದೆ 'ಇ:\ಫೋಟೋ /ಗ್ರಾಂಟ್', ನಿಮ್ಮ ಬಳಕೆದಾರ ಹೆಸರು, ಅದಕ್ಕಂಟಿದಂತೆ ':ಎಫ್', ಕೊನೆಗೆ '/ಟಿ'. ಬೇಕಾದ ಒಂದು ಫೋಲ್ಡರಿಗೆ ಮಾತ್ರ ಇದನ್ನು ಮಾಡಿ. ನಡೆಯುತ್ತಿರುವ ವಿಂಡೋಸ್‌ನ ಸಿ ಡ್ರೈವ್ ಮೇಲೆ ಎಂದಿಗೂ ಬೇಡ.

ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಲ್ಲಿ ಇಂಥ ಒಡೆತನದ ಲೆಕ್ಕವೇ ಇಲ್ಲ. ಅಲ್ಲಿ ಅನುಮತಿ ಇಲ್ಲವೆಂದು ಬಂದರೆ ಡ್ರೈವ್ ಕೆಟ್ಟಿರಬೇಕು, ಇಲ್ಲವೇ ಆಫೀಸಿನ ಐಟಿ ವಿಭಾಗ ಯುಎಸ್‌ಬಿ ತಡೆದಿರಬೇಕು. ಎರಡನೆಯದಾದರೆ ಅವರನ್ನೇ ಕೇಳಿ.

ಬಿಟ್‌ಲಾಕರ್ ಬೀಗ ಹಾಕಿದೆ ಎಂದು ಬಂದರೆ 'ಮ್ಯಾನೇಜ್-ಬಿಡಿಇ -ಅನ್‌ಲಾಕ್ ಇ: -ಪಿಡಬ್ಲ್ಯೂ' ಕೊಡಿ, ಪಾಸ್‌ವರ್ಡ್ ಕೇಳುತ್ತದೆ. ಮರೆತಿದ್ದರೆ 48 ಅಂಕಿಯ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಹುಡುಕಿ, ಅಲ್ಲಿ ಉಳಿಸಿಟ್ಟಿದ್ದರೆ ಸಿಗುತ್ತದೆ. ಎರಡೂ ಇಲ್ಲವೆಂದರೆ ಬೇರೆ ಒಳದಾರಿ ಇಲ್ಲ.

ಹಂತ 7: ಡ್ರೈವ್ ತೆರೆದಿದೆ, ಫೈಲ್ ಇಲ್ಲ

ಝೆರಾಕ್ಸ್ ಅಂಗಡಿಗೋ ಸೈಬರ್ ಸೆಂಟರಿಗೋ ಕೊಟ್ಟು ತಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಕಾಣುವುದುಂಟು. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಬೇಡಿ, ವೈರಸ್ ಕಾದಿರುವುದೇ ಅಲ್ಲಿ. ಪ್ರಾಂಪ್ಟ್‌ನಲ್ಲಿ ಇ ಡ್ರೈವ್‌ಗೆ ಹೋಗಿ 'ಡಿಐಆರ್ /ಎ' ಕೊಡಿ. ಅಡಗಿಸಿಟ್ಟದ್ದೂ ಸೇರಿ ಎಲ್ಲ ಬರುತ್ತದೆ. ನಿಮ್ಮ ಫೋಲ್ಡರ್ ಅಲ್ಲಿ ಕಂಡರೆ:

ಅಟ್ರಿಬ್ -ಎಚ್ -ಎಸ್ -ಆರ್ ಇ:\*.* /ಎಸ್ /ಡಿ

ಎಲ್ಲವೂ ಮತ್ತೆ ಮೇಲೆ ಬರುತ್ತದೆ. 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಎಂಬುದಕ್ಕೆ ಅನುಮತಿ ಇಲ್ಲ ಎಂದರೆ ಬಿಟ್ಟುಬಿಡಿ, ಅದು ವಿಂಡೋಸ್‌ನದು. ಶಾರ್ಟ್‌ಕಟ್‌ಗಳನ್ನು ಅಳಿಸಿ, ಪೆನ್‌ಡ್ರೈವನ್ನೂ ಕಂಪ್ಯೂಟರನ್ನೂ ಆ್ಯಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿಸಿ. ಇಲ್ಲದಿದ್ದರೆ ಮುಂದಿನ ಸಲ ಹಾಕಿದಾಗ ಮತ್ತೆ ಅದೇ ಕಥೆ.

ಎಲ್ಲ ಮುಗಿದು ಪೆನ್‌ಡ್ರೈವ್ ತೆಗೆಯಲು ಹೋದಾಗ 'ಡಿವೈಸ್ ಬಳಕೆಯಲ್ಲಿದೆ' ಎಂದು ವಿಂಡೋಸ್ ತಡೆದರೆ, ಬಳಸುತ್ತಿರುವುದು ಬಹುಶಃ ನಿಮ್ಮ ಪ್ರಾಂಪ್ಟೇ. ಅದು ಇನ್ನೂ 'ಇ:\>' ಎಂದು ಅಲ್ಲೇ ನಿಂತಿರುತ್ತದೆ. 'ಸಿ:' ಹೊಡೆದು ಹಿಂದಕ್ಕೆ ಬನ್ನಿ, 'ಎಕ್ಸಿಟ್' ಕೊಡಿ, ಆಮೇಲೆ ಇಜೆಕ್ಟ್ ಮಾಡಿ.